ಅರ್ಥವಾಗದ ಮಾತಿಗೆ ಆಮೆನ್ ಹೇಳಬೇಕೇ?



ಕಾಪು ಕಡೆಯ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಹಣ ಎಣಿಸಿ ಆಯಿತು, ಸಾಲದ ಕಂತು ಬರೆದು ಆಯಿತು. ಎದ್ದು ಹೊರಡುವ ಹೊತ್ತಿಗೆ ಒಬ್ಬ ಸದಸ್ಯೆ, "ನಿಮ್ಮ ಹತ್ತಿರ ಒಂದು ವಿಷಯ ಕೇಳ್ಲಿಕ್ಕುಂಟು" ಎಂದರು. ಉಳಿದವರು ಪುನಃ ಚಾಪೆಯ ಮೇಲೆ ಕುಳಿತರು.

ಅವರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಮನೆಯಲ್ಲಿ ನಡೆದ ಪ್ರಾರ್ಥನಾ ಕೂಟಕ್ಕೆ ಹೋಗಿದ್ದರು. ಅಲ್ಲಿ ಒಬ್ಬರು ಯಾರಿಗೂ ತಿಳಿಯದ ಶಬ್ದಗಳಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿದರು. ಸ್ವಲ್ಪ ಹೊತ್ತಿನಲ್ಲಿ ಇನ್ನೊಬ್ಬರು ಎದ್ದು, "ಇದರ ಅರ್ಥ ನನಗೆ ಸಿಕ್ಕಿದೆ. ಇಲ್ಲಿರುವ ಸಕ್ಕರೆ ಕಾಯಿಲೆಯ ಹೆಂಗಸಿಗೆ ಗುಣವಾಗಿದೆ, ಇನ್ನು ಮದ್ದು ಬೇಡ" ಎಂದರು. ಕೇಳಿದವರಿಗೆ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಮಾತ್ರೆಯ ಡಬ್ಬಿಯನ್ನು ಎತ್ತಿ ಅಟ್ಟದ ಮೇಲೆ ಇಟ್ಟರು. ಮೂರು ವಾರ ಕಳೆಯುವಷ್ಟರಲ್ಲಿ ಕಾಲಿನ ಸಣ್ಣ ಗಾಯ ಬಾತು, ಜ್ವರ ಬಂದು, ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಸಂಘದಿಂದ ತುರ್ತು ಸಾಲ ಕೊಟ್ಟರು. ದೇವರ ದಯೆಯಿಂದ ಕಾಲು ಉಳಿಯಿತು.

ಅವರು ನಮ್ಮಲ್ಲಿ ಕೇಳಿದ್ದು ಸಾಲದ ವಿಷಯ ಅಲ್ಲ. "ದೇವರ ಮಾತು ಅಂತ ನಾನು ಮದ್ದು ಬಿಟ್ಟೆ. ಈಗ ಪುನಃ ತಿಂತಾ ಇದ್ದೇನೆ. ಹಾಗಾದ್ರೆ ನನಗೆ ನಂಬಿಕೆ ಇಲ್ಲ ಅಂತ ಆಗ್ತದಾ? ಅವತ್ತು ಹೇಳಿದ್ದು ದೇವರ ಮಾತಾ, ಮನುಷ್ಯರ ಮಾತಾ?"

ಎರಡು ಮಾತಿನಲ್ಲಿ ಉತ್ತರ ಕೊಡುವ ಪ್ರಶ್ನೆ ಇದಲ್ಲ. ಬೇರೆ ಸಂಘಗಳಲ್ಲಿಯೂ ಇಂಥ ಪ್ರಶ್ನೆ ನಮ್ಮ ಕಿವಿಗೆ ಬಿದ್ದಿದೆ. ಆದ್ದರಿಂದ ಈ ಸಲ ಇದನ್ನೇ ವಿವರಿಸಿ ಬರೆಯುತ್ತಿದ್ದೇವೆ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಕ್ರೈಸ್ತರಲ್ಲದವರಿಗೂ ತಿಳಿಯುವ ಹಾಗೆ ಮೊದಲಿನಿಂದಲೇ ಹೇಳುತ್ತೇವೆ.

ಈ ವರದಾನ ಎಂದರೆ ಏನು?

ಯೇಸುವಿನ ಶಿಷ್ಯರ ಕಾಲದ ನಂತರ ಹುಟ್ಟಿಕೊಂಡ ಪದ್ಧತಿ ಇದಲ್ಲ, ಆಗಿನಿಂದಲೇ ಇದ್ದದ್ದು. ಕ್ರಿ.ಶ. 55ರ ಸುಮಾರಿಗೆ ಸಂತ ಪೌಲರು ಗ್ರೀಸ್ ದೇಶದ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಒಂದು ಪತ್ರ ಬರೆದರು. ಕೊರಿಂಥ ನಮ್ಮ ಮಲ್ಪೆಯ ಹಾಗೆ ಸಮುದ್ರದ ವ್ಯಾಪಾರದ ಊರು, ಹತ್ತು ಕಡೆಯ ಜನ ಸೇರುವ ಜಾಗ. ಆ ಪತ್ರದ 12ನೇ ಅಧ್ಯಾಯದಲ್ಲಿ ಪವಿತ್ರಾತ್ಮರು ಜನರಿಗೆ ಕೊಡುವ ಒಂಬತ್ತು ವರದಾನಗಳ ಪಟ್ಟಿ ಇದೆ. ಜ್ಞಾನದ ಮಾತು, ನಂಬಿಕೆ, ರೋಗ ಗುಣಪಡಿಸುವುದು, ಪ್ರವಾದನೆ ಮುಂತಾದವು ಮೊದಲು ಬರುತ್ತವೆ. ಕೊನೆಯ ಎರಡು, ಅನ್ಯಭಾಷೆಯಲ್ಲಿ ಮಾತನಾಡುವುದು ಮತ್ತು ಆ ಭಾಷೆಯ ಅರ್ಥ ಹೇಳುವುದು. ಕೊಂಕಣಿ ಮಾತಾಡುವ ನಮ್ಮವರು ಇಂಥ ವರವನ್ನು 'ದೆಣೆಂ' ಎನ್ನುತ್ತಾರೆ. ದೆಣೆಂ ಅಂದರೆ ಸಂಬಳ ಅಲ್ಲ, ಬಹುಮಾನವೂ ಅಲ್ಲ. ಬೇರೆಯವರ ಉಪಯೋಗಕ್ಕಾಗಿ ದೇವರು ಒಬ್ಬರ ಕೈಯಲ್ಲಿ ಕೊಟ್ಟ ವಸ್ತು.

ಅನ್ಯಭಾಷೆ ಎಂದರೆ ಪ್ರಾರ್ಥಿಸುವವರಿಗೇ ಅರ್ಥವಾಗದ ಶಬ್ದಗಳಲ್ಲಿ ದೇವರನ್ನು ಸ್ತುತಿಸುವುದು. ಸಂತೋಷ, ದುಃಖ ಉಕ್ಕಿ ಬಂದಾಗ ನಮಗೆ ಶಬ್ದ ಸಿಗುವುದಿಲ್ಲ. ಹಾಗೆಯೇ ಮನಸ್ಸು ಶಬ್ದಕ್ಕೆ ಮೀರಿ ದೇವರ ಕಡೆ ಹರಿಯುವ ಪ್ರಾರ್ಥನೆ ಇದು. ಕೆನಡಾದ ಟೊರಾಂಟೊದ ಭಾಷಾ ವಿಜ್ಞಾನಿ ವಿಲಿಯಂ ಸಮರಿನ್ ಎಂಬವರು ಹಲವು ಕಡೆ ಇಂಥ ಪ್ರಾರ್ಥನೆಗಳನ್ನು ಕೇಳಿ, ಅಭ್ಯಾಸ ಮಾಡಿ, 1972ರಲ್ಲಿ ಪುಸ್ತಕ ಬರೆದರು. ಇದರಲ್ಲಿ ಕನ್ನಡ, ಇಂಗ್ಲಿಷಿಗೆ ಇರುವಂಥ ಶಬ್ದಕೋಶ, ವ್ಯಾಕರಣ ಇಲ್ಲ ಎಂದು ಅವರು ಕಂಡುಕೊಂಡರು. ಇದರಿಂದ ಪ್ರಾರ್ಥಿಸುವವರ ಭಕ್ತಿ ಸುಳ್ಳಾಗುವುದಿಲ್ಲ. ಆದರೆ ಒಂದು ಮಾತು ನಮಗೆ ಸ್ಪಷ್ಟವಾಗುತ್ತದೆ. ಅದರ ಅರ್ಥ ಹೇಳುವುದು ನಿಘಂಟು ನೋಡಿ ಮಾಡುವ ಅನುವಾದ ಅಲ್ಲ.

ಪೆಂತೆಕೋಸ್ತ್ ಹಬ್ಬದ ದಿನ ಜೆರುಸಲೇಮಿನಲ್ಲಿ ನಡೆದದ್ದು ಸ್ವಲ್ಪ ಬೇರೆ. ಅಂದು ಬೇರೆ ಬೇರೆ ದೇಶದವರು ಶಿಷ್ಯರ ಮಾತನ್ನು ತಮ್ಮ ತಮ್ಮ ಭಾಷೆಯಲ್ಲೇ ಕೇಳಿಸಿಕೊಂಡರು ಎಂದು ಪ್ರೇಷಿತರ ಕಾರ್ಯಕಲಾಪಗಳ 2ನೇ ಅಧ್ಯಾಯ ಹೇಳುತ್ತದೆ. ಅಲ್ಲಿ ಅರ್ಥ ಹೇಳುವವರು ಬೇಕಾಗಲಿಲ್ಲ. ಕೊರಿಂಥದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಆದ್ದರಿಂದ ಬೇಕಾಯಿತು.

ಪೌಲರು ಹಾಕಿದ ಕಟ್ಟಳೆ

ಕೊರಿಂಥದಲ್ಲಿ ಆದ ತೊಂದರೆ ಎಂತದು ಕೇಳಿ. ಸಭೆ ಸೇರಿದಾಗ ಹಲವರು ಒಟ್ಟೊಟ್ಟಿಗೆ ಅನ್ಯಭಾಷೆಯಲ್ಲಿ ಮಾತಾಡುತ್ತಿದ್ದರು. ಈ ವರ ಇದ್ದವರು ತಾವೇ ದೊಡ್ಡವರು ಎಂದುಕೊಂಡರು, ಇಲ್ಲದವರು ಮೂಲೆಗೆ ಬಿದ್ದರು. ಪೌಲರು ಅನ್ಯಭಾಷೆಯನ್ನು ನಿಷೇಧಿಸಲಿಲ್ಲ. ತಾನೂ ಆ ರೀತಿ ಪ್ರಾರ್ಥಿಸುವವನು ಎಂದೇ ಬರೆದರು. ಆದರೆ 14ನೇ ಅಧ್ಯಾಯದಲ್ಲಿ ಸಭೆಗೆ ಬಿಗಿಯಾದ ಕ್ರಮ ಹಾಕಿಕೊಟ್ಟರು. ಅದರ ಸಾರಾಂಶ ಹೀಗಿದೆ:

1. ಒಂದು ಸಭೆಯಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು ಮಾತ್ರ ಅನ್ಯಭಾಷೆಯಲ್ಲಿ ಮಾತಾಡಬಹುದು. ಅದೂ ಒಬ್ಬರಾದ ಮೇಲೆ ಒಬ್ಬರು.

2. ಒಬ್ಬರು ಅದರ ಅರ್ಥ ಹೇಳಬೇಕು.

3. ಅರ್ಥ ಹೇಳುವವರು ಇಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು. ಮನಸ್ಸಿನೊಳಗೆ ದೇವರೊಂದಿಗೆ ಮಾತಾಡಿದರೆ ಸಾಕು.

4. ದೇವರ ಸಂದೇಶ ಎಂದು ಒಬ್ಬರು ಹೇಳಿದ್ದನ್ನು ಉಳಿದವರು ತೂಗಿ ನೋಡಬೇಕು.

ಇಷ್ಟು ಬಿಗಿ ಯಾಕೆ? ಪೌಲರು ಕೊಡುವ ಕಾರಣ ತುಂಬ ಸರಳ. ಸಭೆಗೆ ಬಂದ ಒಬ್ಬ ಸಾಮಾನ್ಯ ಮನುಷ್ಯನಿಗೆ ನಿಮ್ಮ ಮಾತು ತಿಳಿಯದಿದ್ದರೆ ಅವನು ಅದಕ್ಕೆ ಆಮೆನ್ ಹೇಳುವುದು ಹೇಗೆ ಎಂದು ಅವರು ಕೇಳುತ್ತಾರೆ. ಆಮೆನ್ ಅಂದರೆ 'ಹೌದು, ಹಾಗೆಯೇ ಆಗಲಿ' ಎಂದು ಒಪ್ಪಿಗೆ ಕೊಡುವುದು. ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ತಿಳಿಯದ ಭಾಷೆಯ ಹತ್ತು ಸಾವಿರ ಮಾತಿಗಿಂತ ತಿಳಿಯುವ ಐದೇ ಮಾತು ತನಗೆ ಸಾಕು ಎನ್ನುವಷ್ಟರ ಮಟ್ಟಿಗೆ ಅವರು ಹೋಗುತ್ತಾರೆ. ಅಂದರೆ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕುಳಿತ, ಓದು ಬಾರದ ಅಜ್ಜಿಗೂ ತಿಳಿಯಬೇಕು. ಅದೇ ಅಳತೆಗೋಲು.

ಅರ್ಥ ಹೇಳುವವರ ಜವಾಬ್ದಾರಿ

ಮಣಿಪಾಲದ ಆಸ್ಪತ್ರೆಗೆ ಹೋದವರಿಗೆ ಇದು ಬೇಗ ಅರ್ಥವಾದೀತು. ಹೊರರಾಜ್ಯದ ಡಾಕ್ಟರ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳುತ್ತಾರೆ. ನಮಗೆ ಬರುವುದು ತುಳು. ಹತ್ತಿರ ನಿಂತ ನರ್ಸಮ್ಮ ಅದನ್ನು ತುಳುವಿನಲ್ಲಿ ಹೇಳುತ್ತಾರೆ. ಡಾಕ್ಟರ್ ಹೇಳದ ಒಂದು ಮಾತನ್ನು ಆಕೆ ಸೇರಿಸಿದರೆ, ಹೇಳಿದ ಒಂದು ಮಾತನ್ನು ಬಿಟ್ಟರೆ, ನಮ್ಮ ಗತಿ ಏನು? ಅಲ್ಲಿ ಸಂಶಯ ಬಂದರೆ ಡಾಕ್ಟರ್ ಹತ್ತಿರ ಪುನಃ ಕೇಳಬಹುದು. ಪ್ರಾರ್ಥನೆಯಲ್ಲಿ ಹಾಗೆ ಕೇಳಿ ಸರಿಪಡಿಸಿಕೊಳ್ಳಲು ನಿಘಂಟು ಇಲ್ಲ. ಅರ್ಥ ಹೇಳುವವರ ಮನಸ್ಸಿನಲ್ಲಿ ಹುಟ್ಟಿದ ಸಾರವನ್ನು ಅವರು ನಮ್ಮ ಭಾಷೆಯಲ್ಲಿ ಹೇಳುತ್ತಾರೆ. ಅದರಲ್ಲಿ ದೇವರ ಪ್ರೇರಣೆಯೂ ಇರಬಹುದು, ಹೇಳುವವರ ಸ್ವಂತ ಆಸೆ, ಹೆದರಿಕೆ, ಅಭಿಪ್ರಾಯವೂ ಬೆರೆಯಬಹುದು. ಒಳ್ಳೆಯ ಮನಸ್ಸಿನವರಿಗೂ ಹೀಗಾಗುತ್ತದೆ. ಆದ್ದರಿಂದಲೇ ತೂಗಿ ನೋಡಬೇಕು ಎಂದು ಪೌಲರು ಹೇಳಿದ್ದು.

ನಮ್ಮ ಕಡೆಗೆ ಇದು ಬಂದದ್ದು ಹೇಗೆ?

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಬಲಿಪೂಜೆ ಲತಿನ್ ಭಾಷೆಯಲ್ಲಿತ್ತು. ಪೀಠದ ಮೇಲೆ ಪಾದ್ರಿಯವರು ಲತಿನ್ ಪ್ರಾರ್ಥನೆ ಹೇಳುವಾಗ ಕೆಳಗೆ ಜನರು ಕೊಂಕಣಿಯಲ್ಲಿ ತೇರ್ಸ್ ಹೇಳುತ್ತಿದ್ದರು. 1962ರಿಂದ 1965ರ ತನಕ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನರ ಭಾಷೆಗೆ ಬಂತು. ಈಗ ನಮ್ಮಲ್ಲಿ ಕೊಂಕಣಿ, ಕನ್ನಡ ಪೂಜೆಗಳು ನಡೆಯುತ್ತವೆ. ಕಾರ್ಕಳದ ಅತ್ತೂರು ಸಂತ ಲಾರೆನ್ಸರ ವಾರ್ಷಿಕ ಹಬ್ಬಕ್ಕೆ ಹೋದವರು ಇದನ್ನು ಕಣ್ಣಾರೆ ನೋಡಿದ್ದೀರಿ. 2016ರಲ್ಲಿ ಕಿರು ಬಸಿಲಿಕಾ ಎಂಬ ಪದವಿ ಪಡೆದ ಆ ಇಗರ್ಜಿಗೆ ಎಲ್ಲ ಧರ್ಮದವರೂ ಬಂದು ಮೊಂಬತ್ತಿ ಉರಿಸುತ್ತಾರೆ. ಜನರಿಗೆ ತಿಳಿಯುವ ಭಾಷೆಯಲ್ಲಿ ಪೂಜೆ ಮಾಡುವುದೂ ಒಂದು ರೀತಿಯಲ್ಲಿ ಪೌಲರ ಆ ಐದು ಮಾತಿನ ಪಾಠವೇ.

ಅದೇ ಸಮಯದಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಡ್ಯುಕೇನ್ ವಿಶ್ವವಿದ್ಯಾಲಯದ ಕೆಲವು ಕಥೋಲಿಕ ವಿದ್ಯಾರ್ಥಿಗಳು, ಶಿಕ್ಷಕರು ಒಂದು ಧ್ಯಾನಕೂಟದಲ್ಲಿ ಪವಿತ್ರಾತ್ಮರ ಅನುಭವ ಪಡೆದರು. ಕರಿಸ್ಮ್ಯಾಟಿಕ್ ಚಳವಳಿ ಎನ್ನುವುದು ಅಲ್ಲಿಂದ ಶುರುವಾಯಿತು. 1970ರ ದಶಕದ ಆರಂಭದಲ್ಲಿ ಅದು ಮುಂಬೈಗೆ ಬಂತು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಮುಂಬೈ ಎರಡನೇ ಊರು. ಇಂದು ಮೂಲ್ಕಿಯ ಡಿವೈನ್ ಕಾಲ್ ಸೆಂಟರಿಗೂ, ಕೇರಳದ ಮುರಿಂಗೂರಿನ ಡಿವೈನ್ ಧ್ಯಾನ ಕೇಂದ್ರಕ್ಕೂ ರೆತಿರ್‌ಗೆಂದು ಹೋಗಿ ಬಂದವರು ನಮ್ಮ ಸಂಘಗಳಲ್ಲಿದ್ದಾರೆ. ಗಂಡನ ಕುಡಿತದಿಂದ, ಮನೆಯ ಜಗಳದಿಂದ ಸೋತು ಹೋದ ಎಷ್ಟೋ ಹೆಂಗಸರಿಗೆ ಇಂಥ ಪ್ರಾರ್ಥನೆಗಳಿಂದ ಧೈರ್ಯ ಬಂದದ್ದನ್ನು ನಾವು ನೋಡಿದ್ದೇವೆ.

ಪ್ರಾರ್ಥನಾ ಕೂಟದಲ್ಲಿ ಅನ್ಯಭಾಷೆ ಎರಡು ರೀತಿಯಲ್ಲಿ ಬರುತ್ತದೆ. ಎಲ್ಲರೂ ಸೇರಿ ಸ್ತುತಿಸುವಾಗ ಅವರವರು ತಮ್ಮಷ್ಟಕ್ಕೆ ಹೇಳುವುದು ಒಂದು. ಅದು ದೇವರಿಗೆ ಸಲ್ಲಿಸುವ ಸ್ತುತಿ ಎಂದು ತಿಳಿಯುವುದರಿಂದ ಅದಕ್ಕೆ ಅರ್ಥ ಹೇಳುವ ರೂಢಿ ಇಲ್ಲ. ಎಲ್ಲರೂ ಮೌನವಾದಾಗ ಒಬ್ಬರೇ ಸಂದೇಶದ ಹಾಗೆ ಹೇಳುವುದು ಇನ್ನೊಂದು. ಆಗ ಎಲ್ಲರೂ ಕಾಯುತ್ತಾರೆ. ಯಾರಿಗಾದರೂ ಅರ್ಥ ಹೊಳೆದರೆ ಹೇಳುತ್ತಾರೆ, ಕೂಟದ ಮುಖ್ಯಸ್ಥರು ಅದನ್ನು ಪರಿಶೀಲಿಸಬೇಕು. ಬಲಿಪೂಜೆಗಾದರೋ ಧರ್ಮಸಭೆ ನಿಗದಿ ಮಾಡಿದ ಕ್ರಮ ಇದೆ, ಮನಸ್ಸಿಗೆ ಬಂದದ್ದನ್ನು ನಡುವೆ ಸೇರಿಸುವ ಹಾಗಿಲ್ಲ. ಗುಣಪಡಿಸುವ ಪ್ರಾರ್ಥನೆಗಳ ಬಗ್ಗೆ ವ್ಯಾಟಿಕನ್ 2000ದಲ್ಲಿ ಒಂದು ಸೂಚನಾ ಪತ್ರ ಹೊರಡಿಸಿತು. ಇಂಥ ಪ್ರಾರ್ಥನೆಗಳಲ್ಲಿ ಉನ್ಮಾದ, ನಾಟಕೀಯತೆ ಇರಬಾರದು, ಧರ್ಮಾಧ್ಯಕ್ಷರು ಮೇಲ್ವಿಚಾರಣೆ ನಡೆಸಬೇಕು ಎಂದು ಅದು ತಿಳಿಸಿದೆ.

ದೈವದ ನುಡಿಯ ಹಾಗೆಯಾ?

ಆ ದಿನ ಸಭೆಯಲ್ಲಿದ್ದ ಒಬ್ಬ ಹಿಂದೂ ಸಹೋದರಿ, "ಬಾಯಮ್ಮ, ನಮ್ಮ ನೇಮದಲ್ಲಿ ದೈವ ನುಡಿ ಕೊಡ್ತದಲ್ಲ, ಇದೂ ಹಾಗೆಯಾ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅವರವರ ನಂಬಿಕೆಗೆ ಅವರವರ ಕ್ರಮ ಉಂಟು. ಅದರ ಬಗ್ಗೆ ತೀರ್ಪು ಹೇಳುವುದು ನಮ್ಮ ಕೆಲಸ ಅಲ್ಲ. ಕ್ರೈಸ್ತ ಬೋಧನೆಯಲ್ಲಿ ಇದು ಹೇಗೆ ಎನ್ನುವುದನ್ನಷ್ಟೇ ಹೇಳುತ್ತೇವೆ. ಇಲ್ಲಿ ಮಾತಾಡುವವರ ಮೈಮೇಲೆ ಯಾರೂ ಬರುವುದಿಲ್ಲ. ಅವರು ತಮ್ಮ ಎಚ್ಚರದಲ್ಲೇ ಇರುತ್ತಾರೆ, ಬೇಕೆಂದಾಗ ನಿಲ್ಲಿಸಬಲ್ಲರು. ಅದಕ್ಕೇ ಪೌಲರು ಅವರಿಗೆ ಸುಮ್ಮನಿರಲು ಹೇಳಿದ್ದು. ನಿಲ್ಲಿಸಲು ಆಗದಿದ್ದರೆ ಹಾಗೆ ಹೇಳಿ ಏನು ಪ್ರಯೋಜನ? ಆದ್ದರಿಂದ, "ನನ್ನ ಕೈಯಲ್ಲಿ ಇರಲಿಲ್ಲ, ಬಾಯಿಗೆ ಬಂತು, ಹೇಳಿದೆ" ಎಂದರೆ ಜವಾಬ್ದಾರಿ ತಪ್ಪುವುದಿಲ್ಲ. ಕೇಳಿದವರೂ ಅದನ್ನು ಕಣ್ಣು ಮುಚ್ಚಿ ಪಾಲಿಸಬೇಕು ಎಂದಿಲ್ಲ.

ಮಾಳದ ಮಗಳು ರಮಾಬಾಯಿ

ಈ ವಿಷಯಕ್ಕೆ ನಮ್ಮ ಕಾರ್ಕಳದ ನಂಟು ಇರುವುದು ಹಲವರಿಗೆ ಗೊತ್ತಿಲ್ಲ. ಪಂಡಿತಾ ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ತಾಲೂಕಿನ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅವರು ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ರಮಾಬಾಯಿ 1858ರಲ್ಲಿ ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ಸಂಸ್ಕೃತ ವಿದ್ವತ್ತಿಗಾಗಿ ಕೋಲ್ಕತ್ತದಲ್ಲಿ 'ಪಂಡಿತಾ' ಎಂಬ ಬಿರುದು ಪಡೆದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅವರು ಕಥೋಲಿಕರಲ್ಲ, ಆಂಗ್ಲಿಕನ್ ಸಭೆಯಲ್ಲಿ ಕ್ರೈಸ್ತರಾದವರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ 'ಮುಕ್ತಿ' ಎಂಬ ಆಶ್ರಮ ಕಟ್ಟಿ ವಿಧವೆಯರಿಗೂ, ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೂ ಆಸರೆ ಕೊಟ್ಟರು, ಕಸುಬು ಕಲಿಸಿದರು. ನಮ್ಮ ಸ್ವಸಹಾಯ ಸಂಘಗಳಿಗೆ ಅವರು ಒಂದು ಲೆಕ್ಕದಲ್ಲಿ ಮುತ್ತಜ್ಜಿ.

1905ರಲ್ಲಿ ಮುಕ್ತಿಯ ಹುಡುಗಿಯರಲ್ಲಿ ದೊಡ್ಡ ಪ್ರಾರ್ಥನಾ ಜಾಗೃತಿ ಉಂಟಾಯಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಅನ್ಯಭಾಷೆಯ ಪ್ರಾರ್ಥನೆಯೂ ಅಲ್ಲಿ ಕೇಳಿಬಂತು. ಇಂಗ್ಲಿಷ್ ಬಾರದ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಿದ್ದುದನ್ನು ರಮಾಬಾಯಿಯವರೇ 1907ರಲ್ಲಿ ಬರೆದಿದ್ದಾರೆ. ಆದರೆ ಮುಕ್ತಿಯವರು ಇದನ್ನು ಎಲ್ಲರಿಗೂ ಇರಲೇಬೇಕಾದ ಗುರುತು ಎಂದು ಹಿಡಿಯಲಿಲ್ಲ.

ರಮಾಬಾಯಿಯವರು ತಮ್ಮ ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷ ಎಂತ ಮಾಡಿದರು ಗೊತ್ತಾ? ಹೀಬ್ರೂ, ಗ್ರೀಕ್ ಕಲಿತು, ಇಡೀ ಬೈಬಲನ್ನು ಹೆಚ್ಚು ಓದದ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತಂದರು. ಅಚ್ಚಿನ ಕೆಲಸವನ್ನೂ ಮುಕ್ತಿಯ ಹೆಂಗಸರೇ ಮಾಡಿದರು. 1922ರಲ್ಲಿ ಅವರು ತೀರಿಕೊಂಡರು, 1924ರಲ್ಲಿ ಪೂರ್ತಿ ಗ್ರಂಥ ಹೊರಬಂತು. ಅನ್ಯಭಾಷೆಯನ್ನು ಹತ್ತಿರದಿಂದ ಕಂಡವರು ಕೊನೆಗೂ ದುಡಿದದ್ದು ಅರ್ಥ ಮಾಡಿಸುವುದಕ್ಕೆ.

ತೂಗಿ ನೋಡುವುದು ಹೇಗೆ?

ದೇವರ ಸಂದೇಶ ಎಂದು ಯಾರಾದರೂ ಅರ್ಥ ಹೇಳಿದಾಗ ಈ ಕೆಲವು ವಿಷಯ ನೆನಪಿಡಿ:

1. ಅದು ಪವಿತ್ರ ಗ್ರಂಥಕ್ಕೂ ಧರ್ಮಸಭೆಯ ಬೋಧನೆಗೂ ವಿರುದ್ಧ ಇರಬಾರದು. ಗೊತ್ತಾಗದಿದ್ದರೆ ನಿಮ್ಮ ವಿಚಾರಣಾ ಗುರುಗಳ ಹತ್ತಿರ ಕೇಳಿ.

2. ಸಂದೇಶದಿಂದ ಜನರ ಭಕ್ತಿ ಬೆಳೆಯಬೇಕು, ಧೈರ್ಯ ಬರಬೇಕು, ಸಮಾಧಾನ ಸಿಗಬೇಕು. ಇದು ಪೌಲರೇ ಕೊಟ್ಟ ಗುರುತು. ಹೆದರಿಸಿ ಕಟ್ಟಿಹಾಕುವ ಮಾತಿನ ಬಗ್ಗೆ ಎಚ್ಚರ ಬೇಕು.

3. "ನಿನ್ನ ಅತ್ತೆ ಮಾಟ ಮಾಡಿಸಿದ್ದಾಳೆ", "ಪಕ್ಕದ ಮನೆಯವರ ಕಣ್ಣು ಬಿದ್ದಿದೆ" ಎಂದು ಬೇರೆಯವರ ಮೇಲೆ ಬೆರಳು ತೋರಿಸಿದರೆ ನಂಬಬೇಡಿ. ಪ್ರೀತಿ ಇಲ್ಲದ ಮೇಲೆ ಯಾವ ಭಾಷೆಯಲ್ಲಿ ಮಾತಾಡಿದರೂ ಬರೀ ಶಬ್ದ ಎಂದು ಪೌಲರು 13ನೇ ಅಧ್ಯಾಯದಲ್ಲಿ ಹೇಳಿದ್ದಾರೆ.

4. ಮದ್ದು ಬಿಡಲು ಹೇಳಿದರೆ ಬಿಡಬೇಡಿ. ಸಕ್ಕರೆ, ಬಿ.ಪಿ., ಕ್ಷಯ, ಮೂರ್ಛೆರೋಗ, ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಡಾಕ್ಟರ್ ಹೇಳದೆ ನಿಲ್ಲಿಸುವುದು ಅಪಾಯ. ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯರನ್ನು ಗೌರವಿಸಲು ಹೇಳುತ್ತದೆ, ಮದ್ದನ್ನೂ ದೇವರೇ ಭೂಮಿಯಿಂದ ಹುಟ್ಟಿಸಿದ್ದು ಎನ್ನುತ್ತದೆ. ನಿಜವಾಗಿ ಗುಣವಾಗಿದ್ದರೆ ರಕ್ತಪರೀಕ್ಷೆಯಲ್ಲೂ ಗೊತ್ತಾಗುತ್ತದೆ. ದೇವರಿಗೆ ಪರೀಕ್ಷೆಯ ಹೆದರಿಕೆ ಇಲ್ಲ.

5. ಹಣ, ಬಂಗಾರ, ಜಾಗ ಕೇಳಿದರೆ, ಇಂಥವರಿಗೆ ಸಾಲ ಕೊಡು ಎಂದರೆ, ಸಾಲ ಕಟ್ಟಬೇಡ ಎಂದರೆ, ಅಲ್ಲಿಗೇ ನಿಲ್ಲಿಸಿ. ಮಗಳ ಮದುವೆ, ಮನೆ ಮಾರಾಟದಂಥ ವಿಷಯಗಳನ್ನು ಮನೆಯವರೊಂದಿಗೆ ಕುಳಿತು ಯೋಚಿಸಿ ತೀರ್ಮಾನಿಸಿ.

6. ಪ್ರಶ್ನೆ ಕೇಳಿದಾಗ ಅರ್ಥ ಹೇಳಿದವರು ಹೇಗೆ ನಡೆದುಕೊಳ್ಳುತ್ತಾರೆ ನೋಡಿ. "ನಾನು ತಪ್ಪಿರಬಹುದು, ಫಾದರ್ ಹತ್ತಿರ ಕೇಳುವ" ಎನ್ನುವವರ ಮಾತಿಗೆ ತೂಕ ಹೆಚ್ಚು. "ಕೇಳಿದರೆ ದೇವರ ಶಾಪ ತಟ್ಟುತ್ತದೆ" ಎನ್ನುವವರಿಂದ ದೂರ ಇರಿ.

ಆ ಸಹೋದರಿಗೆ ನಾವು ಹೇಳಿದ್ದು

ಅವರಿಗೆ ನಾವು ಹೀಗೆ ಹೇಳಿದೆವು. ಅಕ್ಕಾ, ದೇವರು ಪ್ರಾರ್ಥನೆಯಿಂದ ಗುಣಪಡಿಸಬಲ್ಲರು ಎಂದು ನಾವೂ ನಂಬುತ್ತೇವೆ. ಆದರೆ ಆ ದಿನದ ಮಾತನ್ನು ಯಾರೂ ತೂಗಿ ನೋಡಲಿಲ್ಲ. ಕೂಟದಲ್ಲಿ ಹಿರಿಯರು ಇದ್ದರೆ ಅವರು ಅಲ್ಲಿಯೇ, "ಮೊದಲು ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಮದ್ದು ಬಿಡಬೇಡಿ" ಎನ್ನಬೇಕಿತ್ತು. ಹೇಳಿದವರಿಗೆ ಕೆಟ್ಟ ಉದ್ದೇಶ ಇತ್ತು ಎಂದು ನಾವು ಹೇಳುವುದಿಲ್ಲ. ಮಾತು ಮಾತ್ರ ತಪ್ಪು. ನಿಮ್ಮ ನಂಬಿಕೆ ಕಡಿಮೆಯಾದದ್ದರಿಂದ ಕಾಲು ಬಾತದ್ದಲ್ಲ, ಮಾತ್ರೆ ನಿಂತದ್ದರಿಂದ. ಪುನಃ ಮದ್ದು ತಿನ್ನುವುದು ಪಾಪ ಅಲ್ಲ, ಅವಿಶ್ವಾಸವೂ ಅಲ್ಲ.

ಇದನ್ನೇ ಅವರ ಇಗರ್ಜಿಯ ಫಾದರ್ ಕೂಡ ಅವರಿಗೆ ಹೇಳಿದರು. ಈಗ ಅವರು ಮಾತ್ರೆ ತಪ್ಪಿಸುವುದಿಲ್ಲ, ಪ್ರಾರ್ಥನೆಗೂ ಹೋಗುತ್ತಾರೆ. ಸಂಘದ ತುರ್ತು ಸಾಲದ ಕಂತು ಮಲ್ಲಿಗೆ ಕಟ್ಟಿದ ದುಡ್ಡಿನಲ್ಲಿ ಸರಿಯಾಗಿ ಬರುತ್ತಿದೆ.

ಅಕ್ಕ-ತಂಗಿಯರೇ, ತೂಗಿ ನೋಡುವುದು ನಿಮಗೆ ಹೊಸತಲ್ಲ. ಸಂಘದ ಠರಾವು ಪುಸ್ತಕವನ್ನೇ ನೋಡಿ. ಬರೆದದ್ದನ್ನು ಕಾರ್ಯದರ್ಶಿ ಗಟ್ಟಿಯಾಗಿ ಓದುತ್ತಾರೆ. ಕನ್ನಡ ಓದಲು ಬಾರದವರಿಗೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿ ಭಾಷೆಯಲ್ಲೋ ತಿಳಿಸಿ ಹೇಳುತ್ತಾರೆ. "ಹಾಗಲ್ಲ, ನಾವು ಹೇಳಿದ್ದು ಬೇರೆ" ಎಂದು ಯಾರಾದರೂ ಹೇಳಿದರೆ ತಿದ್ದುತ್ತಾರೆ. ಆಮೇಲೆಯೇ ಸಹಿ, ಹೆಬ್ಬೆಟ್ಟು. ಬ್ಯಾಂಕಿನ ಕಾಗದಕ್ಕೂ ನೀವು ಇದೇ ಕ್ರಮ ಹಿಡಿಯುತ್ತೀರಿ. ನಿಮ್ಮ ಶರೀರ, ನಿಮ್ಮ ಮನೆ, ನಿಮ್ಮ ನಂಬಿಕೆ ಬ್ಯಾಂಕಿನ ಕಾಗದಕ್ಕಿಂತ ಕಡಿಮೆ ಬೆಲೆಯದ್ದಲ್ಲ. ಆಮೆನ್ ಹೇಳುವ ಮೊದಲು ಕೇಳಿ, ತಿಳಿದುಕೊಳ್ಳಿ.

ಮುಂದಿನ ಸಭೆಯಲ್ಲಿ ಚರ್ಚಿಸಿ:

1. ದೇವರ ಹೆಸರಿನಲ್ಲಿ ಯಾರೋ ಹೇಳಿದ ಮಾತಿನಿಂದ ನಿಮ್ಮಲ್ಲಿ ಯಾರಿಗಾದರೂ ಧೈರ್ಯ ಬಂದದ್ದುಂಟೇ? ತೊಂದರೆಯಾದದ್ದುಂಟೇ? ಹೆಸರು ಹೇಳದೆ ಹಂಚಿಕೊಳ್ಳಿ.

2. ನಿಮ್ಮ ಸಂಘದಲ್ಲಿ ದಿನವೂ ಮದ್ದು ತೆಗೆದುಕೊಳ್ಳಬೇಕಾದವರು ಎಷ್ಟು ಮಂದಿ? ಯಾರಾದರೂ ನಿಲ್ಲಿಸಿದ್ದಾರೆಯೇ? ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆಯಬಹುದೇ?

3. ಠರಾವು ಓದುವಾಗ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳುವ ಕ್ರಮ ನಿಮ್ಮಲ್ಲಿ ಇದೆಯೇ? ಇಲ್ಲದಿದ್ದರೆ ಈ ವಾರದಿಂದ ಯಾರು ಹೇಳುತ್ತಾರೆ?